ಹಂಚಲಾಗದ ಋಣ: ಎಫೆಸಿಯರಿಗೆ 5:21–33ರ ಜನಪ್ರಿಯ ವಾಚನವನ್ನು ಕುರಿತು, ಬಾದಾಮಿಯ ಶಿಲ್ಪಗಳ ಎದುರು ಒಂದು ವಿಮರ್ಶೆ

ಪೀಠಿಕೆ

ವಿವಾಹ ಸಂಸ್ಕಾರದ ಬಲಿಪೂಜೆಗಳಲ್ಲಿ, ವಿವಾಹಪೂರ್ವ ಶಿಬಿರಗಳಲ್ಲಿ ಹಾಗೂ ಕುಟುಂಬಗಳ ಧ್ಯಾನಕೂಟಗಳಲ್ಲಿ ಸಂತ ಪೌಲರು ಎಫೆಸಿಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯವನ್ನು ಒಂದು ಚಿಕ್ಕ ಸೂತ್ರಕ್ಕೆ ಇಳಿಸುವ ವಾಡಿಕೆ ನಮ್ಮಲ್ಲಿ ಬೇರೂರಿದೆ. ಪ್ರೀತಿಸುವುದು ಗಂಡನ ಕರ್ತವ್ಯ, ಗೌರವಿಸುವುದು ಹೆಂಡತಿಯ ಕರ್ತವ್ಯ ಎಂಬುದೇ ಆ ಸೂತ್ರ. ಇತ್ತೀಚಿನ ದಶಕಗಳಲ್ಲಿ ಇದಕ್ಕೆ ಮನಶ್ಶಾಸ್ತ್ರದ ಒಂದು ಉಡುಪೂ ದೊರೆತಿದೆ. ಅಮೆರಿಕದ ಪಾಸ್ಟರ್ ಎಮರ್ಸನ್ ಎಗರಿಕ್ಸ್ ಅವರು 2004ರಲ್ಲಿ ಪ್ರಕಟಿಸಿದ ‘ಲವ್ ಅಂಡ್ ರೆಸ್ಪೆಕ್ಟ್’ ಎಂಬ ಗ್ರಂಥವು ಈ ಅಧ್ಯಾಯದ 33ನೆಯ ವಚನವನ್ನೇ ಅಡಿಗಲ್ಲಾಗಿ ಇಟ್ಟುಕೊಂಡು, ಹೆಣ್ಣಿಗೆ ಮುಖ್ಯವಾಗಿ ಬೇಕಾದದ್ದು ಪ್ರೀತಿ, ಗಂಡಿಗೆ ಮುಖ್ಯವಾಗಿ ಬೇಕಾದದ್ದು ಗೌರವ ಎಂದು ವಾದಿಸಿತು. ಮುರಿಯುತ್ತಿರುವ ಸಂಸಾರಗಳನ್ನು ಉಳಿಸಬೇಕೆಂಬ ಆ ಗ್ರಂಥದ ಆಶಯವನ್ನು ನಾವು ಸಂದೇಹಿಸುವುದಿಲ್ಲ. ಆದರೆ ಅದು ಮಾಡುವ ಹಂಚಿಕೆ ಪವಿತ್ರ ಗ್ರಂಥದ ಹಂಚಿಕೆಯೇ ಎಂಬ ಪ್ರಶ್ನೆಯನ್ನು ಎತ್ತದೆ, ಅದೇ ಮಾತನ್ನು ಪ್ರಬೋಧನೆಯ ಪೀಠದಿಂದ ದೇವರ ವಾಕ್ಯವೆಂದು ಸಾರುವುದು ಸಾಧುವಲ್ಲ.

ಈ ಲೇಖನದಲ್ಲಿ ನಾವು ಪ್ರತಿಪಾದಿಸುವುದು ಇಷ್ಟೇ: ಪ್ರೀತಿ ಮತ್ತು ಗೌರವ ಇಬ್ಬರಿಗೆ ಹಂಚಿಕೊಟ್ಟ ಎರಡು ಪಾಲುಗಳಲ್ಲ, ಇಬ್ಬರೂ ಇಬ್ಬರಿಗೂ ಸಲ್ಲಿಸಬೇಕಾದ ಒಂದೇ ಋಣ. ಮೊದಲು ವಾಕ್ಯವನ್ನು ಅದರ ಸಂದರ್ಭದಲ್ಲಿ ಓದುತ್ತೇವೆ. ಬಳಿಕ, ಈ ಸೀಮೆಯ ಜನರ ಕಣ್ಣಿಗೆ ಪರಿಚಿತವಾದ ಬಾದಾಮಿಯ ಎರಡು ಗುಹೆಗಳ ಶಿಲ್ಪಗಳನ್ನೂ ಕಿವಿಗೆ ಪರಿಚಿತವಾದ ಶರಣ ದಂಪತಿಯೊಬ್ಬರ ಮಾತನ್ನೂ ಆ ವಾಕ್ಯದ ಎದುರು ಇಟ್ಟು, ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂದು ಪರಿಶೀಲಿಸುತ್ತೇವೆ. ಅನ್ಯ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ‘ನೋಸ್ತ್ರಾ ಎತಾತೆ’ಯ ಮೂಲಕ ಬೋಧಿಸಿದೆ. ತಿರಸ್ಕರಿಸದಿರುವುದೆಂದರೆ ವಿಮರ್ಶಿಸದೆ ಒಪ್ಪುವುದಲ್ಲ. ಎರಡೂ ಕಡೆಗೆ ನ್ಯಾಯವಾಗುವಂತೆ ನೋಡುವುದು.

1. ವಾಕ್ಯದ ನಡೆ

ಜನಪ್ರಿಯ ವಾಚನದ ಮೊದಲ ದೋಷ ಅದು ಎಲ್ಲಿಂದ ಆರಂಭಿಸುತ್ತದೆ ಎಂಬುದರಲ್ಲಿದೆ. ಪತ್ನಿಯರನ್ನು ಉದ್ದೇಶಿಸಿದ 22ನೆಯ ವಚನದಿಂದ ಅದು ಓದತೊಡಗುತ್ತದೆ. ಆದರೆ ಅತಿ ಪ್ರಾಚೀನ ಹಸ್ತಪ್ರತಿಗಳಾದ 46ನೆಯ ಪಪೈರಸ್ ಮತ್ತು ವ್ಯಾಟಿಕನ್ ಪ್ರತಿಯಲ್ಲಿ ಆ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ. ‘ಅಧೀನರಾಗಿ’ ಎಂಬ ಅರ್ಥವನ್ನು ಅದು ಹಿಂದಿನ 21ನೆಯ ವಚನದಿಂದ ಎರವಲು ಪಡೆಯುತ್ತದೆ. ಅಲ್ಲಿ ಆ ಪದ ಹೇಳಿರುವುದು ಎಲ್ಲ ವಿಶ್ವಾಸಿಗಳು ಒಬ್ಬರಿಗೊಬ್ಬರು ಅಧೀನರಾಗಬೇಕೆಂದು. ಆ 21ನೆಯ ವಚನವೂ ಸ್ವತಂತ್ರವಲ್ಲ. ಪವಿತ್ರಾತ್ಮರಿಂದ ತುಂಬಿದವರಾಗಿ ಎಂಬ 18ನೆಯ ವಚನದ ಆಜ್ಞೆಗೆ ಜೋಡಿಸಿದ ಕ್ರಿಯೆಗಳ ಸಾಲಿನಲ್ಲಿ, ಹಾಡುವುದು, ಸ್ತುತಿಸುವುದು, ಕೃತಜ್ಞತೆ ಸಲ್ಲಿಸುವುದು ಇವುಗಳ ನಂತರ ಬರುವ ಕೊನೆಯ ಕ್ರಿಯೆ ಅದು. ಅಂದರೆ ಪರಸ್ಪರ ಅಧೀನತೆಯು ಪವಿತ್ರಾತ್ಮರ ಫಲವೇ ಹೊರತು ಮನೆಯ ಯಜಮಾನಿಕೆಯ ಕಟ್ಟಳೆಯಲ್ಲ.

ಎರಡನೆಯದಾಗಿ, 33ನೆಯ ವಚನದಲ್ಲಿ ಪತ್ನಿಯ ಕುರಿತು ಬಳಸಿರುವ ಗ್ರೀಕ್ ಕ್ರಿಯಾಪದ ‘ಫೊಬೆಯೊಮಾಯ್’. ಇದನ್ನು ಭಯ, ಭಯಭಕ್ತಿ, ಗೌರವ ಎಂದೆಲ್ಲ ಅನುವಾದಿಸಬಹುದು; ಒಂದೊಂದು ಆಯ್ಕೆಯೂ ಸಂಸಾರವನ್ನು ಒಂದೊಂದು ದಾರಿಗೆ ಒಯ್ಯುತ್ತದೆ. ಇದರ ನಾಮಪದವಾದ ‘ಫೋಬೊಸ್’ 21ನೆಯ ವಚನದಲ್ಲಿಯೂ ಇದೆ: ಕ್ರಿಸ್ತರ ಭಯದಲ್ಲಿ ಒಬ್ಬರಿಗೊಬ್ಬರು ಅಧೀನರಾಗುವುದು. ಭಾಗದ ಬಾಗಿಲಲ್ಲಿ ಮತ್ತು ಕೊನೆಯಲ್ಲಿ ಒಂದೇ ಮಾತು ನಿಂತಿದೆ. ಬಾಗಿಲಲ್ಲಿ ಅದು ಎಲ್ಲರ ಮೇಲೂ ಇರುವ ಋಣ. ಆದ್ದರಿಂದ ಕೊನೆಯಲ್ಲಿ ಅದನ್ನು ಪತ್ನಿಗೆ ನೆನಪಿಸಿದಾಗ ಪತಿಗೆ ವಿನಾಯಿತಿ ದೊರೆಯಿತೆಂದು ಓದುವುದು ವ್ಯಾಕರಣಕ್ಕೂ ವಿರುದ್ಧ, ವಿವೇಕಕ್ಕೂ ವಿರುದ್ಧ. ಹಾಗೆಯೇ ಪ್ರೀತಿಯನ್ನು ಪತಿಗೆ ನೆನಪಿಸಿದ್ದರಿಂದ ಪತ್ನಿ ಪ್ರೀತಿಸಬೇಕಾಗಿಲ್ಲವೆಂದು ಯಾರೂ ಹೇಳುವುದಿಲ್ಲ. ಒಂದು ಪದಕ್ಕೆ ನಾವು ಸಹಜವಾಗಿ ಕೊಡುವ ವಿಸ್ತಾರವನ್ನು ಇನ್ನೊಂದಕ್ಕೆ ಏಕೆ ಕೊಡುವುದಿಲ್ಲ ಎಂಬುದನ್ನು ನಾವೇ ಕೇಳಿಕೊಳ್ಳಬೇಕು.

ಮೂರನೆಯದಾಗಿ, ಪತ್ನಿಯರಿಗೆ ಮೂರು ವಚನಗಳಲ್ಲಿ ಮಾತು ಮುಗಿಸುವ ಸಂತ ಪೌಲರು ಪತಿಯರಿಗೆ ಎಂಟು ವಚನಗಳನ್ನು ಮೀಸಲಿಡುತ್ತಾರೆ. ಅಲ್ಲಿ ‘ಆಳು’ ಎಂಬ ಪದ ಒಮ್ಮೆಯೂ ಬರುವುದಿಲ್ಲ. ಹೆಂಡತಿಯನ್ನು ಅಧೀನಳಾಗಿಸು ಎಂಬ ಅಪ್ಪಣೆಯೂ ಇಲ್ಲ. ಬರುವುದೇನೆಂದರೆ ನೀರಿನಿಂದ ತೊಳೆಯುವುದು, ಕಲೆ ಸುಕ್ಕುಗಳಿಲ್ಲದಂತೆ ಮಾಡುವುದು, ಉಣಿಸುವುದು, ಬೆಚ್ಚಗಿಡುವುದು. ಇವು ಅಂದಿನ ಗ್ರೀಕ್ ಮನೆಯಲ್ಲಿಯೂ ಇಂದಿನ ನಮ್ಮ ಮನೆಗಳಲ್ಲಿಯೂ ಹೆಂಗಸರ ಕೈಗೆ ಬಿಟ್ಟ ಕೆಲಸಗಳು. ಬೆಚ್ಚಗಿಡುವುದು ಎಂಬುದಕ್ಕೆ 29ನೆಯ ವಚನದಲ್ಲಿರುವ ‘ಥಾಲ್ಪೊ’ ಎಂಬ ಪದವನ್ನು, ಥೆಸಲೋನಿಯರಿಗೆ ಬರೆದ ಮೊದಲನೆಯ ಪತ್ರದಲ್ಲಿ (2:7) ಮಕ್ಕಳನ್ನು ಮಡಿಲಲ್ಲಿಟ್ಟು ಸಾಕುವ ತಾಯಿಯ ಕುರಿತು ಬಳಸಲಾಗಿದೆ. ಮನೆಯೊಡೆಯನಿಗೆ ‘ಶಿರಸ್ಸು’ ಎಂಬ ಬಿರುದನ್ನು ಉಳಿಸಿಕೊಟ್ಟು, ಆ ಬಿರುದಿನ ಕೆಲಸವನ್ನು ಮಾತ್ರ ಸೇವಕಿಯ ಮತ್ತು ತಾಯಿಯ ಕೆಲಸವಾಗಿ ಸಂತ ಪೌಲರು ಬದಲಿಸಿದ್ದಾರೆ. ಇದೇ ಪತ್ರದ 4:15–16ರಲ್ಲಿ ಶಿರಸ್ಸೆಂದರೆ ಇಡೀ ದೇಹವು ಯಾರಿಂದ ಬೆಳೆಯುತ್ತದೋ ಅವರು ಎಂಬ ಅರ್ಥವಿರುವುದನ್ನು ಮರೆಯಲಾಗದು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರಿಸಬೇಕು. ಮುಂದಿನ ಅಧ್ಯಾಯದಲ್ಲಿ ಮಕ್ಕಳು ತಂದೆತಾಯಿಯರಿಗೆ, ದಾಸರು ಧಣಿಗಳಿಗೆ ವಿಧೇಯರಾಗಬೇಕೆಂದಿದೆ. ಅಲ್ಲಿ ಪರಸ್ಪರತೆ ಇಲ್ಲ. ಆದ್ದರಿಂದ 21ನೆಯ ವಚನದ ‘ಒಬ್ಬರಿಗೊಬ್ಬರು’ ಎಂಬುದನ್ನು ತೀರ ಅಕ್ಷರಶಃ ಹಿಡಿಯಬಾರದು ಎಂದು ಕೆಲವರು ವಾದಿಸುತ್ತಾರೆ. ಆದರೆ 6:9ರಲ್ಲಿ ಧಣಿಗಳು ಬೆದರಿಕೆಯನ್ನು ಕೈಬಿಟ್ಟು ದಾಸರಿಗೂ ‘ಅದನ್ನೇ’ ಮಾಡಬೇಕೆಂಬ ಆಜ್ಞೆಯಿದೆ. ದಾಸ್ಯದಂಥ ಕ್ರೂರ ವ್ಯವಸ್ಥೆಯೊಳಗೂ ‘ಒಬ್ಬರಿಗೊಬ್ಬರು’ ಎಂಬ ಮಾತು ಇಣುಕಿರುವಾಗ ವಿವಾಹದೊಳಗೆ ಅದು ನಿಷ್ಫಲವಾಯಿತೆನ್ನಲು ಆಧಾರವಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ (7:3–4) ಇನ್ನೂ ಸ್ಪಷ್ಟ: ಪತಿ ಪತ್ನಿಗೆ ಸಲ್ಲಿಸಬೇಕಾದ ಋಣವನ್ನು ಸಲ್ಲಿಸಲಿ, ಹಾಗೆಯೇ ಪತ್ನಿಯೂ, ಪತ್ನಿಯ ದೇಹದ ಮೇಲೆ ಪತಿಗಿರುವಂತೆ ಪತಿಯ ದೇಹದ ಮೇಲೆ ಪತ್ನಿಗೂ ಅಧಿಕಾರವಿದೆ. ಇನ್ನು ಗೌರವದ ವಿಷಯವನ್ನು ಸಂತ ಪೇತ್ರರ ಮೊದಲನೆಯ ಪತ್ರ (3:7) ನೇರವಾಗಿಯೇ ಪತಿಯ ಮೇಲೆ ಹೊರಿಸುತ್ತದೆ. ಪತ್ನಿ ಜೀವದಾಯಕ ವರಪ್ರಸಾದಕ್ಕೆ ಸಹಬಾಧ್ಯಳು. ಅವಳಿಗೆ ಮಾನ ಸಲ್ಲಿಸದ ಗಂಡನ ಪ್ರಾರ್ಥನೆಗೆ ಅಡ್ಡಿಯುಂಟಾಗುತ್ತದೆ. ಹೆಂಡತಿಯನ್ನು ಅವಮಾನಿಸಿ ಬಂದವನ ಜಪಸರ ಎಷ್ಟು ಉದ್ದವಾಗಿದ್ದರೂ ಅದು ಮೇಲಕ್ಕೆ ಏರುವುದಿಲ್ಲ ಎಂಬ ಈ ಎಚ್ಚರಿಕೆಯನ್ನು ವಿವಾಹದ ಪ್ರಬೋಧನೆಗಳಲ್ಲಿ ನಾವು ಎಷ್ಟು ಸಲ ಕೇಳಿದ್ದೇವೆ?

2. ಮೂರನೆಯ ಗುಹೆ: ಪಕ್ಕದಲ್ಲಿ ನಿಂತವರು

ವಾಕ್ಯವು ಮಾತಿನಲ್ಲಿ ಹೇಳುವುದನ್ನು ಜನ ಕಣ್ಣಿನಿಂದಲೂ ಓದುತ್ತಾರೆ. ಬಾದಾಮಿಯಲ್ಲಿ ಅಂಥ ಓದಿಗೆ ಸಾಮಗ್ರಿ ಸಾಕಷ್ಟಿದೆ. ಚಾಲುಕ್ಯ ದೊರೆ ಒಂದನೆಯ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಲೇಶನು ಶಕವರ್ಷ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ, ವಿಷ್ಣುವಿಗಾಗಿ ಕೊರೆಯಿಸಿದ ಮೂರನೆಯ ಗುಹೆ ಅಲ್ಲಿಯ ನಾಲ್ಕರಲ್ಲಿ ಅತಿ ದೊಡ್ಡದು. ಅದರ ಮುಖಮಂಟಪದಲ್ಲಿ ಕಂಬಗಳು ತೊಲೆಯನ್ನು ಕೂಡುವ ಎಡೆಯಲ್ಲಿ, ಮರದ ಎಲೆಗೊಂಚಲುಗಳ ಕೆಳಗೆ, ಗಂಡು ಹೆಣ್ಣಿನ ಜೋಡಿಗಳನ್ನು ಕೆತ್ತಲಾಗಿದೆ. ಪ್ರವಾಸಿಗರು ವಿಷ್ಣುವಿನ ಬೃಹತ್ ಮೂರ್ತಿಗಳತ್ತ ನಡೆಯುವ ಅವಸರದಲ್ಲಿ ತಲೆಯೆತ್ತಿ ಇವನ್ನು ನೋಡುವುದು ಅಪರೂಪ.

ಈ ಜೋಡಿಗಳಲ್ಲಿ ವಿಮರ್ಶಕನು ಗಮನಿಸಬೇಕಾದದ್ದು ಅಳತೆ. ನಮ್ಮ ಪ್ರಾಚೀನ ಶಿಲ್ಪದಲ್ಲಿ ಗಾತ್ರವೇ ಅಂತಸ್ತಿನ ಭಾಷೆ: ದೇವರು ದೊಡ್ಡವನು, ಭಕ್ತನು ಚಿಕ್ಕವನು, ಒಡೆಯನು ದೊಡ್ಡವನು, ಆಳು ಚಿಕ್ಕವನು. ಇಲ್ಲಿ ಹೆಣ್ಣು ಗಂಡಿನ ಪಾದದ ಬಳಿ ಕಿರಿದಾಗಿ ಕುಳಿತಿಲ್ಲ. ಅವನ ಪಕ್ಕದಲ್ಲಿ ಅವನ ಎತ್ತರದ ಲೋಕದಲ್ಲಿಯೇ ನಿಂತಿದ್ದಾಳೆ. ಅವನ ತೋಳು ಅವಳ ಹೆಗಲ ಮೇಲಿದೆ. ಅವಳ ಮೈಭಾರ ಅವನತ್ತ ಒಲಿದಿದೆ. ಕೆಲವು ಜೋಡಿಗಳಲ್ಲಿ ಹೆಣ್ಣು ಸೋತವಳಂತೆ ಬಾಗಿದ್ದಾಳೆ, ಅವನು ಆಸರೆಯಾಗಿದ್ದಾನೆ. ಪ್ರೀತಿಯನ್ನು ಕೆತ್ತಲು ಹೊರಟ ಶಿಲ್ಪಿಗೆ ಮಾನವನ್ನೂ ಜೊತೆಯಲ್ಲಿಯೇ ಕೆತ್ತದೆ ಬೇರೆ ದಾರಿ ಇರಲಿಲ್ಲವೆಂದು ತೋರುತ್ತದೆ; ಪಾದದ ಬಳಿ ಇಟ್ಟವಳ ಹೆಗಲ ಮೇಲೆ ಕೈ ಹಾಕುವುದು ಸಾಧ್ಯವಿಲ್ಲ. ಪ್ರೀತಿ ಬೇಕಾದರೆ ಅವಳನ್ನು ಮೊದಲು ಎದ್ದು ನಿಲ್ಲಿಸಬೇಕು.

ಇಲ್ಲಿಗೆ ನಿಲ್ಲಿಸಿದರೆ ವಿಮರ್ಶೆ ಮೆಚ್ಚುಗೆಯಾಗಿ ಮುಗಿದೀತು. ಈ ಶಿಲ್ಪಗಳಿಗೆ ಕ್ರೈಸ್ತ ದೃಷ್ಟಿಯಿಂದ ಮೂರು ಮಿತಿಗಳಿವೆ. ಮೊದಲನೆಯದಾಗಿ, ಇವರು ಮಿಥುನಗಳು. ಮಂಗಳದ, ಸಮೃದ್ಧಿಯ ಸಂಕೇತಗಳು. ಇವರ ನಡುವೆ ಒಡಂಬಡಿಕೆಯ ಕಥೆಯಿಲ್ಲ, ವೃದ್ಧಾಪ್ಯವಿಲ್ಲ, ಕಾಯಿಲೆಯಿಲ್ಲ. ಸುಖದಲ್ಲಿಯೂ ದುಃಖದಲ್ಲಿಯೂ ಎಂಬ ವಿವಾಹದ ಪ್ರತಿಜ್ಞೆಯ ಎರಡನೆಯ ಅರ್ಧವನ್ನು ಈ ಕಲ್ಲು ಕಾಣದು. ಎರಡನೆಯದಾಗಿ, ಪಾದದ ಬಳಿ ಚಿಕ್ಕದಾಗಿ ಕೆತ್ತಲ್ಪಟ್ಟ ಪರಿಚಾರಕರು ಅಲ್ಲಲ್ಲಿ ಇದ್ದಾರೆ. ಒಂದು ಜೋಡಿಯ ಸಮಾನತೆಗೆ ಇನ್ನೊಬ್ಬರ ಕಿರಿತನ ಬೆಲೆಯಾಗಿದೆ. ಮನೆಯೊಡತಿಯನ್ನು ಗೌರವಿಸಿ ಮನೆಗೆಲಸದವಳನ್ನು ಗದರಿಸುವ ಸಂಸಾರ ಇಂದಿಗೂ ಅದೇ ಅಳತೆಗೋಲನ್ನು ಹಿಡಿದಿದೆ. ಮೂರನೆಯದಾಗಿ, ಈ ಶಿಲ್ಪಗಳು ತೊಲೆಯನ್ನು ಹೊತ್ತಂತೆ ಕಂಡರೂ ಹೊತ್ತಿಲ್ಲ. ಇಡೀ ಗುಹೆ ಒಂದೇ ಬಂಡೆಯಲ್ಲಿ ಕೊರೆದದ್ದು. ಇಲ್ಲಿ ತೊಲೆಯನ್ನು ಹೊರುವುದು ಬೆಟ್ಟವೇ. ಸಂಸಾರದ ಜೋಡಿಗೆ ಆ ವಿಶೇಷಾನುಕೂಲವಿಲ್ಲ. ಗುಳೇದಗುಡ್ಡದ, ಇಳಕಲ್ಲಿನ ನೇಕಾರರ ಮನೆಯಲ್ಲಿ ಗಂಡ ಮಗ್ಗಕ್ಕೆ ಕುಳಿತಾಗ ಹೆಂಡತಿ ನೂಲು ಸುತ್ತಿಕೊಡುತ್ತಾಳೆ; ಬರುವ ಕೂಲಿ ಒಂದೇ, ಅದನ್ನು ಎಣಿಸಿಕೊಳ್ಳುವ ಕೈ ಬಹುತೇಕ ಒಂದೇ. ಮಳೆ ಕೈಕೊಟ್ಟ ವರ್ಷ ಗೋವೆಗೋ ಮಂಗಳೂರಿಗೋ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ದಂಪತಿ ನಿಜವಾದ ಭಾರವನ್ನು ಹೊರುತ್ತಾರೆ. ಅವರಿಗೆ ಪ್ರೀತಿ ಗೌರವಗಳು ಅಲಂಕಾರವಾಗಿ ಅಲ್ಲ, ಕಂಬವಾಗಿ ಬೇಕು.

3. ಒಂದನೆಯ ಗುಹೆ: ಅರ್ಧನಾರೀಶ್ವರ ಮತ್ತು ಭೃಂಗಿ

ಅದೇ ಬೆಟ್ಟದ ಒಂದನೆಯ ಗುಹೆಯಲ್ಲಿ ದಾಂಪತ್ಯದ ಇನ್ನೊಂದು ಕಲ್ಪನೆಯಿದೆ. ಅಲ್ಲಿಯ ಅರ್ಧನಾರೀಶ್ವರ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ಪಾರ್ವತಿ, ದೇಹ ಒಂದೇ. ಪತಿಪತ್ನಿಯರ ಐಕ್ಯವನ್ನು ವಿವರಿಸಲು ನಮ್ಮ ಪ್ರಬೋಧಕರೂ ಈ ಮೂರ್ತಿಯನ್ನು ಮೆಚ್ಚಿ ಉದಾಹರಿಸುವುದುಂಟು. ಇಲ್ಲಿ ನಾವು ಸ್ವಲ್ಪ ತಡೆದು ನಿಲ್ಲಬೇಕೆಂದು ಸೂಚಿಸುತ್ತೇವೆ.

ಆದಿಕಾಂಡದ 2:24ರ ‘ಒಂದೇ ದೇಹ’ವು ಎರಡು ಅರ್ಧಗಳ ಜೋಡಣೆಯಲ್ಲ. ಅದಕ್ಕಿಂತ ಆರು ವಚನಗಳ ಹಿಂದೆ ದೇವರು ಮನುಷ್ಯನಿಗೆ ಒದಗಿಸಲು ಬಯಸಿದ್ದು ‘ಎಜೆರ್ ಕೆನೆಗ್ದೊ’, ಅಂದರೆ ಅವನ ಎದುರಿಗೆ ನಿಲ್ಲಬಲ್ಲ ನೆರವು. ‘ಎಜೆರ್’ ಎಂಬ ಈ ಹೀಬ್ರೂ ಪದ ಹಳೆಯ ಒಡಂಬಡಿಕೆಯಲ್ಲಿ ಅನೇಕ ಕಡೆ ದೇವರನ್ನೇ ಕುರಿತದ್ದು. ಕೈಕೆಳಗಿನ ಸಹಾಯಕಿ ಎಂಬ ಅರ್ಥವನ್ನು ಅದರ ಮೇಲೆ ಹೇರಲಾಗದು. ಎದುರಿಗೆ ನಿಲ್ಲುವವಳಿಗೆ ಮುಖವಿದೆ, ಮಾತಿದೆ. ಒಂದೇ ಮುಖವನ್ನು ಅರ್ಧ ಹಂಚಿಕೊಂಡವರು ಒಬ್ಬರನ್ನೊಬ್ಬರು ನೋಡಲಾರರು. ಕ್ರಿಸ್ತ ಮತ್ತು ಧರ್ಮಸಭೆಯ ಐಕ್ಯವನ್ನು ಸಂತ ಪೌಲರು ಮಹಾ ರಹಸ್ಯವೆಂದು ಕರೆಯುವಾಗಲೂ ಕ್ರಿಸ್ತರು ಧರ್ಮಸಭೆಯನ್ನು ತಮ್ಮಲ್ಲಿ ಕರಗಿಸಿಕೊಳ್ಳುವುದಿಲ್ಲ. ತಮ್ಮ ‘ಎದುರಿಗೆ’ ಮಹಿಮೆಯಿಂದ ನಿಲ್ಲಿಸಿಕೊಳ್ಳುತ್ತಾರೆ (5:27). ‘ನಾವಿಬ್ಬರೂ ಒಂದೇ’ ಎಂಬ ಮಾತು ಕೆಲವು ಮನೆಗಳಲ್ಲಿ ‘ನಾನು ಹೇಳಿದ್ದೇ ನಮ್ಮಿಬ್ಬರ ಮಾತು’ ಎಂಬ ಅರ್ಥ ಪಡೆಯುವುದನ್ನು ಕುಟುಂಬಗಳ ಸೇವೆಯಲ್ಲಿರುವ ಗುರುಗಳೆಲ್ಲ ಬಲ್ಲರು. ಗೌರವಕ್ಕೆ ದೂರವಲ್ಲದಿದ್ದರೂ ಅಂತರ ಬೇಕು. ಇನ್ನೊಬ್ಬರು ಇನ್ನೊಬ್ಬರಾಗಿಯೇ ಇರುವಷ್ಟು ಜಾಗ ಬೇಕು.

ಆದರೆ ಅದೇ ಶಿಲ್ಪದ ಅಂಚಿನಲ್ಲಿ ನಮ್ಮ ವಾದಕ್ಕೆ ಅತ್ಯಂತ ಉಪಯುಕ್ತವಾದ ಆಕೃತಿಯೊಂದಿದೆ. ಎಲುಬಿನ ಗೂಡಾಗಿ ಕೈಮುಗಿದು ನಿಂತಿರುವ ಭೃಂಗಿ ಋಷಿ. ಪುರಾಣದ ಪ್ರಕಾರ ಭೃಂಗಿಯು ಶಿವನಿಗೆ ಮಾತ್ರ ಪ್ರದಕ್ಷಿಣೆ ಮಾಡುವೆನು, ಪಾರ್ವತಿಗೆ ಮಾಡೆನು ಎಂದು ಹಟ ಹಿಡಿದವನು. ಇಬ್ಬರೂ ಒಂದೇ ದೇಹವಾಗಿ ಕುಳಿತಾಗಲೂ ದುಂಬಿಯ ರೂಪ ತಾಳಿ ನಡುವೆ ಕೊರೆದುಕೊಂಡು ಹೋಗಿ ಒಬ್ಬನನ್ನೇ ಸುತ್ತಲು ನೋಡಿದವನು. ಅದರ ಫಲವಾಗಿ ಅವನ ರಕ್ತಮಾಂಸಗಳೇ ಹೋದವು. ಈ ಕಥೆ ನಮ್ಮ ವಿಶ್ವಾಸದ ಕಥೆಯಲ್ಲ. ಆದರೂ ಕ್ರೈಸ್ತ ವ್ಯಾಖ್ಯಾನಕಾರನಿಗೆ ಅದು ಹಿಡಿಯುವ ಕನ್ನಡಿ ನಿಷ್ಠುರವಾಗಿದೆ. ದಂಪತಿಯಲ್ಲಿ ಒಬ್ಬರನ್ನು ಮಾತ್ರ ಗೌರವಕ್ಕೆ ಅರ್ಹರೆಂದು ಆಯ್ದುಕೊಳ್ಳುವ ಭಕ್ತಿ ಎಷ್ಟೇ ತೀವ್ರವಾಗಿರಲಿ, ಅದು ಮಾಂಸವಿಲ್ಲದ ಭಕ್ತಿ. ಎಫೆಸಿಯರಿಗೆ ಬರೆದ ಪತ್ರದ ನಡುವೆ ಕೊರೆದುಕೊಂಡು ಹೋಗಿ ಗೌರವದ ಪ್ರದಕ್ಷಿಣೆಯನ್ನು ಗಂಡನೊಬ್ಬನ ಸುತ್ತ ಮುಗಿಸುವ ವಾಚನ ಭೃಂಗಿಯ ವಾಚನ.

4. ತಿದ್ದುವ ಗೌರವ

ಕಲ್ಲಿನ ದಂಪತಿಗಳಿಗೆ ಮಾತಿಲ್ಲ. ಮಾತಿರುವ ದಂಪತಿಗಾಗಿ ನಾವು ಇದೇ ಜಿಲ್ಲೆಯ ಹುನಗುಂದ ಸೀಮೆಯ ಕೂಡಲಸಂಗಮದ ಕಡೆಗೆ, ಬಸವಣ್ಣನವರ ಹೆಸರಿನೊಂದಿಗೆ ಬೆಸೆದುಕೊಂಡ ಹನ್ನೆರಡನೆಯ ಶತಮಾನದ ಶರಣ ಪರಂಪರೆಯ ಕಡೆಗೆ ತಿರುಗಬೇಕು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮ ಅದನ್ನು ಒಪ್ಪಿಕೊಳ್ಳದೆ, ಈ ಆಸೆ ನಮಗೆ ತಕ್ಕುದಲ್ಲವೆಂದು ಹೆಚ್ಚಾದದ್ದನ್ನು ಹಿಂದಿರುಗಿಸಲು ಹೇಳಿದಳೆಂಬ ಪ್ರಸಂಗ ಕನ್ನಡಿಗರೆಲ್ಲರಿಗೂ ಪರಿಚಿತ.

ಇಲ್ಲಿ ಎರಡು ಸಂಗತಿಗಳು ನಮ್ಮ ವಿಷಯಕ್ಕೆ ಸಂಬಂಧಿಸಿವೆ. ಒಂದು, ಲಕ್ಕಮ್ಮನ ಗೌರವ ಮೌನದಲ್ಲಿಲ್ಲ. ಗಂಡನು ತನ್ನ ಅತ್ಯುತ್ತಮ ಸ್ವರೂಪದಿಂದ ಜಾರುವುದನ್ನು ನೋಡಿ ಸುಮ್ಮನಿರುವುದು ಅವಳಿಗೆ ಅವಮಾನವೆನಿಸಿತು, ಅವಳಿಗಲ್ಲ, ಅವನಿಗೆ. ಇನ್ನೊಂದು, ಇಷ್ಟು ನಿರ್ಭಿಡೆಯಿಂದ ತಿದ್ದಿದ ಈಕೆಯ ವಚನಗಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ತಾನು ತಿದ್ದಿದವನ ಹೆಸರನ್ನೇ ದೇವರ ಹೆಸರಿನ ಹೊಸ್ತಿಲಲ್ಲಿ ಇಟ್ಟುಕೊಂಡವಳು ಅವಳು. ಖಂಡನೆಯೂ ಅಂಕಿತವೂ ಒಂದೇ ಬಾಯಿಂದ ಬಂದಿರುವುದರಿಂದಲೇ ಎರಡೂ ನಂಬಲರ್ಹವಾಗಿವೆ. ಮಾರಯ್ಯನ ಗೌರವವೂ ಇಲ್ಲಿಯೇ ಕಾಣುತ್ತದೆ: ಅವನು ಕೇಳಿದನು. ಹೆಂಡತಿಯ ಮಾತು ತನ್ನನ್ನು ತಿದ್ದಬಲ್ಲದೆಂದು ಒಪ್ಪುವುದಕ್ಕಿಂತ ದೊಡ್ಡ ಗೌರವವನ್ನು ಗಂಡನು ಸಲ್ಲಿಸಲಾರನು.

ಶರಣನೇ ಸತಿ, ಲಿಂಗವೇ ಪತಿ ಎಂಬ ಆ ಪರಂಪರೆಯ ನಿಲುವಿನಲ್ಲಿ ಗಂಡಸೂ ದೇವರೆದುರು ಸತಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ಎಫೆಸಿಯರಿಗೆ ಬರೆದ ಪತ್ರದಲ್ಲಿಯೂ ಕ್ರಿಸ್ತರ ವಧು ಧರ್ಮಸಭೆ. ಆ ಧರ್ಮಸಭೆಯಲ್ಲಿ ಪತಿಯೂ ಒಬ್ಬ ಸದಸ್ಯ. ಧರ್ಮಸಭೆ ಕ್ರಿಸ್ತರಿಗೆ ಅಧೀನವಾಗಿರುವಂತೆ ಎಂಬ ಮಾತನ್ನು ಕೇಳುವಾಗ ಅವನು ತನ್ನನ್ನು ಕ್ರಿಸ್ತರ ಪೀಠದಲ್ಲಿ ಕೂರಿಸಿಕೊಳ್ಳುವ ಮೊದಲು ವಧುವಿನ ಸಾಲಿನಲ್ಲಿ ಗುರುತಿಸಿಕೊಳ್ಳಬೇಕು. ಎರಡು ಪರಂಪರೆಗಳ ದೇವರ ಕಲ್ಪನೆ ಬೇರೆಯಾಗಿದ್ದರೂ ಈ ವಿನಯದ ಪಾಠ ಹತ್ತಿರದ್ದು.

5. ಮನೆಮಾತಿನ ಮರ್ಯಾದೆ

ಜನಪ್ರಿಯ ಸೂತ್ರವು ನಮ್ಮ ನೆಲದಲ್ಲಿ ಸುಲಭವಾಗಿ ಬೇರುಬಿಟ್ಟಿದ್ದಕ್ಕೆ ಕಾರಣ ನಮ್ಮ ಮನೆಮಾತಿನಲ್ಲಿಯೇ ಇದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ‘ಮರ್ಯಾದಿ’ ಎಂದರೆ ಏನೆಂದು ಕೇಳಿದರೆ ಹೆಂಗಸರ ನಡೆಯ ಪಟ್ಟಿಯೇ ಉತ್ತರವಾಗಿ ಬರುತ್ತದೆ: ತಲೆಯ ಮೇಲೆ ಸೆರಗು, ಗಂಡನ ಹೆಸರು ಹೇಳದಿರುವುದು, ಹಿರಿಯರೆದುರು ಅವನ ಸಮಕ್ಕೆ ಕೂರದಿರುವುದು, ಗಂಡಸರು ಉಂಡ ಮೇಲೆ ಉಣ್ಣುವುದು. ಹೆಂಡತಿ ‘ರೀ’ ಎಂದು ಬಹುವಚನದಲ್ಲಿ ಕರೆದರೆ ಗಂಡ ಏಕವಚನದಲ್ಲಿ ಓಗೊಡುತ್ತಾನೆ. ಸೂತ್ರವನ್ನು ಕೇಳುವ ಕಿವಿಗೆ ಇದೆಲ್ಲವೂ ಪವಿತ್ರ ಗ್ರಂಥದ ಅನುಮೋದನೆ ಪಡೆದಂತೆ ಕೇಳಿಸುತ್ತದೆ.

ಏಕವಚನವೇ ಅಪರಾಧವೆಂದು ನಾವು ಹೇಳುತ್ತಿಲ್ಲ. ಕನ್ನಡದಲ್ಲಿ ಅವ್ವನನ್ನೂ ಏಕವಚನದಲ್ಲಿಯೇ ಕರೆಯುತ್ತೇವೆ. ವಚನಕಾರರು ದೇವರನ್ನೂ ಹಾಗೆಯೇ ಕರೆದರು. ಸಲಿಗೆಯ ಏಕವಚನ ಪ್ರೀತಿಯ ಮಾತು, ತಾತ್ಸಾರದ ಏಕವಚನ ಬೇರೆಯ ಮಾತು; ಅಕ್ಷರ ಒಂದೇ ಆದರೂ ಕೇಳುವವಳಿಗೆ ವ್ಯತ್ಯಾಸ ತಿಳಿಯುತ್ತದೆ. ಹಾಗೆಯೇ ಬಹುವಚನದಲ್ಲಿಯೂ ಒಲವಿನಿಂದ ಬಂದದ್ದಿದೆ, ಅಂಜಿಕೆಯಿಂದ ಬಂದದ್ದಿದೆ. ಸಂತ ಪೇತ್ರರ ಪತ್ರ ಸಾರಾಳನ್ನು ಮಾದರಿಯಾಗಿ ಮುಂದಿಟ್ಟ ಬೆನ್ನಲ್ಲೇ ಯಾವ ಬೆದರಿಕೆಗೂ ಅಂಜಬೇಡಿರಿ ಎಂದು ಪತ್ನಿಯರಿಗೆ ಹೇಳುವುದು ಇದೇ ಕಾರಣಕ್ಕೆ (3:6). ಅದೇ ಪತ್ರ ಭಯವನ್ನು ದೇವರಿಗೂ ಗೌರವವನ್ನು ಸಕಲರಿಗೂ ಸಲ್ಲಿಸಲು ಹೇಳುತ್ತದೆ (2:17). ಗಂಡನಿಗೆ ಅಂಜುವುದನ್ನು ಗೌರವವೆಂದು ಕರೆದಾಗ ದೇವರಿಗೆ ಸಲ್ಲಬೇಕಾದದ್ದನ್ನು ಮನುಷ್ಯನಿಗೆ ಕೊಟ್ಟಂತಾಗುತ್ತದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಯೊವಾನ್ನ ಕ್ರಿಸೊಸ್ತೊಮರು, ಪತಿಯೇ ಶಿರಸ್ಸೆಂಬುದನ್ನು ಒಪ್ಪಿಕೊಂಡೇ, ಈ ಅಧ್ಯಾಯದ ಮೇಲಿನ ತಮ್ಮ ಪ್ರಬೋಧನೆಯಲ್ಲಿ ಪತಿಯರಿಗೆ ಎಚ್ಚರಿಸಿದ್ದರು: ಆಳನ್ನು ಭಯದಿಂದ ಕಟ್ಟಿಹಾಕಬಹುದೇನೋ, ಬಾಳಸಂಗಾತಿಯನ್ನು ಬೆದರಿಕೆಯಿಂದ ಅಲ್ಲ, ಪ್ರೀತಿಯಿಂದ ಮಾತ್ರ ಕಟ್ಟಬೇಕು, ಹೆಂಡತಿ ನಡುಗುತ್ತಿರುವ ಮನೆಯಲ್ಲಿ ಐಕ್ಯವೆಲ್ಲಿ?

6. ಧರ್ಮಸಭೆಯ ಬೋಧನೆ ಮತ್ತು ಗುರುಗಳ ಹೊಣೆ

ಧರ್ಮಸಭೆಯ ಬೋಧನೆಯೂ ಇದೇ ದಿಕ್ಕಿನಲ್ಲಿ ಪಕ್ವವಾಗುತ್ತ ಬಂದಿದೆ. 1930ರಲ್ಲಿ ಜಗದ್ಗುರು ಹನ್ನೊಂದನೆಯ ಪಯಸ್‌ರವರ ‘ಕಾಸ್ತಿ ಕೊನ್ನೂಬಿಯಿ’ ಪತಿಯನ್ನು ಶಿರಸ್ಸೆಂದೂ ಪತ್ನಿಯನ್ನು ಹೃದಯವೆಂದೂ ವರ್ಣಿಸಿ ಅಧೀನತೆಯ ಕ್ರಮವನ್ನು ಉಳಿಸಿಕೊಂಡಿತ್ತು. 1965ರಲ್ಲಿ ‘ಗೌದಿಯುಮ್ ಎತ್ ಸ್ಪೆಸ್’ (49) ಪತಿಪತ್ನಿಯರ ಸಮಾನ ವ್ಯಕ್ತಿಘನತೆಯನ್ನು ಅವರ ಪರಸ್ಪರ ಪ್ರೀತಿಯಲ್ಲಿಯೇ ಗುರುತಿಸಿತು. 1988ರಲ್ಲಿ ಸಂತ ಎರಡನೆಯ ಜಾನ್ ಪೌಲರು ‘ಮುಲಿಯೆರಿಸ್ ದಿಗ್ನಿತಾತೆಮ್’ (24) ಪತ್ರದಲ್ಲಿ ವಿವಾಹದೊಳಗಿನ ಅಧೀನತೆ ಒಬ್ಬರ ಪಾಲಿನದಲ್ಲ, ಪರಸ್ಪರವಾದದ್ದು ಎಂದು ಎಫೆಸಿಯರಿಗೆ 5:21ರ ಆಧಾರದಿಂದಲೇ ಬೋಧಿಸಿದರು. 2016ರ ‘ಅಮೋರಿಸ್ ಲೆತಿತ್ಸಿಯಾ’ (156) ಅದನ್ನೇ ಮುಂದುವರಿಸಿತು. ಧರ್ಮಸಭೆಯ ಕಾನೂನಿನ 1135ನೆಯ ಕಟ್ಟಳೆ ದಾಂಪತ್ಯ ಜೀವನದ ವಿಷಯದಲ್ಲಿ ಇಬ್ಬರಿಗೂ ಸಮಾನ ಹಕ್ಕು, ಸಮಾನ ಕರ್ತವ್ಯ ಎನ್ನುತ್ತದೆ. ಇದನ್ನು ಕಾಲಕ್ಕೆ ತಕ್ಕ ಹೊಂದಾಣಿಕೆಯೆಂದು ಕೆಲವರು ಭಾವಿಸಬಹುದು. ಆದರೆ ಮೇಲೆ ಕಂಡಂತೆ ಇದು ವಾಕ್ಯದ ಮೊದಲ ವಚನಕ್ಕೆ ಹಿಂದಿರುಗಿದ್ದು.

ಹೀಗಿದ್ದೂ ಪ್ರಬೋಧನೆಯಲ್ಲಿ ಹಳೆಯ ಸೂತ್ರ ಉಳಿದಿದೆ. ‘ಬಿ’ ವರ್ಷದ ಸಾಧಾರಣ ಕಾಲದ 21ನೆಯ ಭಾನುವಾರದ ವಾಚನ 21ರಿಂದ 32ನೆಯ ವಚನದವರೆಗಿದೆ. ಸಂಕ್ಷಿಪ್ತ ರೂಪದಲ್ಲಿ ಪತ್ನಿಯರ ಕುರಿತ ವಚನಗಳನ್ನೇ ಬಿಟ್ಟು 25ರಿಂದ ಓದಬಹುದು. ಮುಜುಗರ ತಪ್ಪಿಸಲು ಸಂಕ್ಷಿಪ್ತ ರೂಪವನ್ನು ಆರಿಸುವ ಗುರುಗಳನ್ನು ನಾವು ದೂಷಿಸುವುದಿಲ್ಲ. ಆದರೆ ಆ ಆಯ್ಕೆಯಲ್ಲಿ 21ನೆಯ ವಚನವೂ ಬಿಟ್ಟುಹೋಗುತ್ತದೆ ಎಂಬುದನ್ನು ಗಮನಿಸಬೇಕು. ಜನರು ಬಿಟ್ಟ ವಚನಗಳನ್ನು ಮದುವೆಗಳಲ್ಲಿ, ಮನೆಗಳಲ್ಲಿ ಈಗಾಗಲೇ ಕೇಳಿದ್ದಾರೆ. ನಮ್ಮ ಮೌನ ಅವರ ಹಳೆಯ ಅರ್ಥವನ್ನೇ ಗಟ್ಟಿಗೊಳಿಸುತ್ತದೆ. ಪೂರ್ಣ ವಾಚನವನ್ನು ಓದಿ, ಆರಂಭದ ವಚನದಿಂದ ವಿವರಿಸುವುದೇ ಮೇಲು.

ಈ ವಿವರಣೆ ಪಂಡಿತರ ವಿನೋದವಲ್ಲ. ಗಂಡನ ಕೈಯಿಂದ ಪೆಟ್ಟು ತಿಂದ ಹೆಣ್ಣುಮಗಳೊಬ್ಬಳು ರಾತ್ರಿ ಗುರುಗಳ ಮನೆಯ ಬಾಗಿಲಿಗೆ ಬಂದಾಗ ನಾವು ಕೊಡುವ ಉತ್ತರ ನಾವು ನಂಬಿರುವ ವ್ಯಾಖ್ಯಾನದಿಂದಲೇ ಹೊರಡುತ್ತದೆ. ‘ಸ್ವಲ್ಪ ತಗ್ಗಿ ನಡೆ ತಾಯಿ, ಅವನಿಗೆ ಮರ್ಯಾದೆ ಕೊಡು, ಎಲ್ಲ ಸರಿಹೋಗುತ್ತದೆ’ ಎಂದು ಅವಳನ್ನು ಅದೇ ಮನೆಗೆ ಹಿಂದಕ್ಕೆ ಕಳುಹಿಸಿದರೆ, ಪೆಟ್ಟಿಗೆ ಪವಿತ್ರ ಗ್ರಂಥದ ಮುದ್ರೆ ಒತ್ತಿದವರು ನಾವು. ಗೌರವ ಪಡೆಯುವ ಹಕ್ಕು ಪ್ರೀತಿಯನ್ನು ಮರೆತವನ ಕೈಯಲ್ಲಿ ಆಯುಧವಾಗುತ್ತದೆ ಎಂಬುದೇ ಹಂಚಿಕೆಯ ಸೂತ್ರದ ಅತಿ ದೊಡ್ಡ ಅಪಾಯ. ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದಾಗ ಬೇರೆಯಾಗಿರಲು ಧರ್ಮಸಭೆಯ ಕಾನೂನು (1153) ಅವಕಾಶ ಕೊಡುತ್ತದೆ. ತಡಮಾಡಿದರೆ ಅಪಾಯವೆನ್ನುವಾಗ ಅವಳು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ದುರ್ಬಲರನ್ನು ಮತ್ತು ಮಕ್ಕಳನ್ನು ಕಾಪಾಡಲು ಬೇರ್ಪಡುವುದು ನೈತಿಕವಾಗಿ ಅಗತ್ಯವೂ ಆಗಬಹುದೆಂದು ‘ಅಮೋರಿಸ್ ಲೆತಿತ್ಸಿಯಾ’ (241) ಹೇಳಿದೆ. ದೇಶದ 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ದೈಹಿಕ ಹಿಂಸೆಯನ್ನಷ್ಟೇ ಅಲ್ಲದೆ ಲೈಂಗಿಕ ಹಿಂಸೆ, ಬಿರುನುಡಿ, ಮಾನಸಿಕ ಹಿಂಸೆ ಹಾಗೂ ಹಣಕಾಸಿನ ವಂಚನೆಯನ್ನೂ ದೌರ್ಜನ್ಯವೆಂದು ಗುರುತಿಸುತ್ತದೆ. ಗುರುಮಠದಲ್ಲಿರುವ ನಮ್ಮ ಅಭ್ಯರ್ಥಿಗಳು ಗುರುದೀಕ್ಷೆಗೆ ಮೊದಲೇ ಇವೆರಡನ್ನೂ ತಿಳಿದಿರಬೇಕು.

ಹಾಗೆಂದು ಪ್ರಬೋಧನೆ ಕೇವಲ ನಿಷೇಧಗಳ ಪಟ್ಟಿಯಾಗಬೇಕಿಲ್ಲ. ಸಂತ ಥಾಮಸ್ ಅಕ್ವಿನಾಸರು ಪತಿಪತ್ನಿಯರ ನಡುವಿನದು ಅತ್ಯಂತ ದೊಡ್ಡ ಸ್ನೇಹವೆಂದರು. ಸ್ನೇಹಿತರ ನಡುವೆ ಪ್ರೀತಿ ಒಬ್ಬನದು, ಗೌರವ ಇನ್ನೊಬ್ಬನದು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಈ ಸೀಮೆಯ ಜನರಿಗೆ ಹೇಳಲು ಮಗ್ಗದ ಮಾತೇ ಸಾಕು. ಹಾಸು ಒಬ್ಬರ ಪಾಲಿಗೆ, ಹೊಕ್ಕು ಇನ್ನೊಬ್ಬರ ಪಾಲಿಗೆ ಎಂದು ಹಂಚಿದರೆ ಇಬ್ಬರ ಕೈಯಲ್ಲಿಯೂ ನೂಲು ಉಳಿಯುತ್ತದೆ, ಬಟ್ಟೆಯಾಗುವುದಿಲ್ಲ.

ಉಪಸಂಹಾರ

ಪ್ರೀತಿಯನ್ನು ಗಂಡನಿಗೂ ಗೌರವವನ್ನು ಹೆಂಡತಿಗೂ ಹಂಚಿಕೊಡುವ ವಾಚನವು 21ನೆಯ ವಚನವನ್ನು ಮರೆಯುವುದರಿಂದ, ಪತಿಯ ಗೌರವದ ಋಣವನ್ನು ಮುಚ್ಚಿಡುವುದರಿಂದ ಹಾಗೂ ಅಂಜಿಕೆಗೆ ಪುಣ್ಯದ ಹೆಸರು ಕೊಡುವುದರಿಂದ ಸ್ವೀಕಾರಾರ್ಹವಲ್ಲವೆಂದು ನಾವು ತೀರ್ಮಾನಿಸುತ್ತೇವೆ. ಬಾದಾಮಿಯ ಜೋಡಿಗಳು ಪ್ರೀತಿಸುವವರು ಪಕ್ಕದಲ್ಲಿ ನಿಲ್ಲುತ್ತಾರೆಂದು ತೋರಿಸಿಕೊಟ್ಟರು. ಭೃಂಗಿ ಒಬ್ಬರನ್ನೇ ಗೌರವಿಸುವವನ ಗತಿಯನ್ನು ತೋರಿಸಿದನು. ಲಕ್ಕಮ್ಮ ಮಾರಯ್ಯರು ತಿದ್ದುವುದರಲ್ಲಿಯೂ ತಿದ್ದಿಸಿಕೊಳ್ಳುವುದರಲ್ಲಿಯೂ ಗೌರವವಿದೆಯೆಂದು ತೋರಿಸಿದರು. ಇವುಗಳಲ್ಲಿ ಯಾವುದೂ ಸಂಸ್ಕಾರದ ಪೂರ್ಣ ಪ್ರತಿಮೆಯಲ್ಲ. ಆ ಪ್ರತಿಮೆ ಶಿಲುಬೆಯ ಮೇಲೆ ತಮ್ಮನ್ನೇ ಒಪ್ಪಿಸಿಕೊಟ್ಟ ಕ್ರಿಸ್ತರಲ್ಲಿದೆ. ಕೊನೆಯ ರಾತ್ರಿ ಶಿಷ್ಯರ ಕಾಲು ತೊಳೆದವರೂ ಅವರೇ. ಮುಂದಿನ ವಿವಾಹ ಪ್ರಬೋಧನೆಗೆ ಸಿದ್ಧರಾಗುವ ನಮ್ಮ ಗುರುಗಳು ಮತ್ತು ಗುರು ಅಭ್ಯರ್ಥಿಗಳು 33ನೆಯ ವಚನವನ್ನು ತೆರೆಯುವ ಮುನ್ನ 21ನೆಯದನ್ನು ಎರಡು ಸಲ ಓದಲೆಂದೂ, ಮದುಮಗಳತ್ತ ಗೌರವದ ಮಾತನ್ನು ತಿರುಗಿಸುವ ಮುನ್ನ ಅದೇ ಮಾತನ್ನು ಮದುಮಗನಿಗೂ ಹೇಳಲೆಂದೂ ನಾವು ಕೇಳಿಕೊಳ್ಳುತ್ತೇವೆ.